ಅರ್ಹತೆ ಅಳೆಯಿರಿ, ಅದಕ್ಕೂ ಮೊದಲು ಪಾಠಕ್ಕೆ ಹೊತ್ತು ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ಪಿಯುಸಿ ಮುಗಿಸಿ ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿದವಳು. 2004ರಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಮನೆ, ಮಕ್ಕಳು, ಶಾಲೆ ಮೂರನ್ನೂ ಸಂಭಾಳಿಸುತ್ತ ದೂರಶಿಕ್ಷಣದಲ್ಲಿ ಬಿ.ಎ. ಪಾಸಾದೆ. ಇಷ್ಟು ವರ್ಷಗಳಲ್ಲಿ ಕಲಿಸಿದ ಮೂರು ಊರುಗಳೂ ಇದೇ ಜಿಲ್ಲೆಯವು. ನನ್ನ ಹತ್ತಿರ ಅಕ್ಷರ ಕಲಿತವರ ಮಕ್ಕಳು ಈಗ ನನ್ನ ಮುಂದೆ ಸ್ಲೇಟು ಹಿಡಿದು ಕೂತಿದ್ದಾರೆ.

ಈ ಮಾತುಗಳನ್ನು ಮೇಲಧಿಕಾರಿಗಳ ಮೂಲಕವೇ ತಮಗೆ ತಲುಪಿಸಬೇಕಿತ್ತು. ಮೂರು ಸಲ ಮನವಿ ಬರೆದೆ, ಒಂದಕ್ಕೂ ಹಿಂಬರಹ ಬರಲಿಲ್ಲ. ನೌಕರರ ನಡತೆ ನಿಯಮಗಳು ನನಗೆ ಗೊತ್ತಿವೆ, ಅದಕ್ಕೇ ಹೆಸರು, ಊರು ಹಾಕಿಲ್ಲ. ಯಾರನ್ನೂ ದೂಷಿಸಲು ಬರೆಯುತ್ತಿಲ್ಲ. ಕಣ್ಣಾರೆ ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು ಮಾತ್ರ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸೇವೆಯಲ್ಲಿರುವ ಶಿಕ್ಷಕರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಐದು ವರ್ಷದೊಳಗಿನವರು ಉಳಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅವತ್ತು ಸಂಜೆ ನಮ್ಮ ಕ್ಲಸ್ಟರಿನ (ಸುತ್ತಲಿನ ಕೆಲವು ಶಾಲೆಗಳ ಕೂಟ) ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಹೆಚ್ಚು ಬರೆಯಲಿಲ್ಲ. ಮರುದಿನ ಬಸ್ಸಿನಲ್ಲಿ ಪಕ್ಕದೂರಿನ ಹಿರಿಯ ಶಿಕ್ಷಕರೊಬ್ಬರು ಸಿಕ್ಕರು. "ಇಪ್ಪತ್ತೈದು ವರ್ಷ ನಾವು ಕಲಿಸಿದ್ದು ಕಲಿಸಿದ್ದಲ್ಲೇನ್ರಿ ಟೀಚರ್?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರು ಲಿಂಗಸುಗೂರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಪರೀಕ್ಷೆ ಬೇಡ ಎನ್ನುವವಳು ನಾನಲ್ಲ. ಮಕ್ಕಳಿಗೆ ಕಲಿಸುವವರಿಗೆ ಅರ್ಹತೆ ಇರಲೇಬೇಕು. 2010ರ ಆಗಸ್ಟ್ 23ರಂದು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಕನಿಷ್ಠ ಅರ್ಹತೆಯ ಅಧಿಸೂಚನೆ ಹೊರಡಿಸಿದ್ದು ಸರಿಯಾದ ಕೆಲಸವೇ. ಹಳೆಯ ಟಿಇಟಿ ಪ್ರಶ್ನೆಪತ್ರಿಕೆಗಳನ್ನು ತರಿಸಿ ಓದಲು ಶುರು ಮಾಡಿದ್ದೇನೆ. ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆ, ಎರಡೂವರೆ ತಾಸು. ಶಿಶು ವಿಕಾಸಕ್ಕೆ 30, ಎರಡು ಭಾಷೆಗಳಿಗೆ 30ರಂತೆ 60, ಗಣಿತಕ್ಕೆ 30, ಪರಿಸರ ಅಧ್ಯಯನಕ್ಕೆ 30. ಶಿಶು ವಿಕಾಸದ ಪ್ರಶ್ನೆಗಳನ್ನು ಓದುವಾಗ, ತರಗತಿಯಲ್ಲಿ ದಿನಾ ಮಾಡುವುದಕ್ಕೆ ಪುಸ್ತಕದಲ್ಲಿ ಬೇರೆ ಹೆಸರು ಇದೆ ಎಂದು ಗೊತ್ತಾಯಿತು. ಇಂಗ್ಲಿಷ್ ಬೋಧನೆಯ ಪ್ರಶ್ನೆಗಳಲ್ಲಿ ಎಡವಿದೆ. ಭಿನ್ನರಾಶಿಯ ಒಂದು ಪ್ರಶ್ನೆಯನ್ನು ಎರಡು ಸಲ ತಪ್ಪು ಮಾಡಿದೆ. ಓದಿದರೆ ಬರುತ್ತದೆ ಎಂಬ ನಂಬಿಕೆ ಇದೆ. ಓದಲು ಹೊತ್ತು ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ಪರೀಕ್ಷೆಗಿಂತ ದೊಡ್ಡದು ಇನ್ನೊಂದಿದೆ. ಪಾಠ ಮಾಡಲೇ ಹೊತ್ತಿಲ್ಲ.

ಕಳೆದ ನವೆಂಬರಿನ ಒಂದು ವಾರದ ಲೆಕ್ಕವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನನ್ನದು ನಲಿ-ಕಲಿ ತರಗತಿ, 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಸೋಮವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮತದಾರರ ಪಟ್ಟಿಯ ಕೆಲಸಕ್ಕೆ ಫೋನು ಬಂತು, ನಾನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೂಡ. ಮಧ್ಯಾಹ್ನದವರೆಗೆ ಮನೆ ಮನೆ ತಿರುಗಿದೆ. ಹೊಲಕ್ಕೆ ಹೋದವರ ಮನೆಗೆ ಬೀಗ, ಮತ್ತೆ ಸಂಜೆ ಹೋಗಬೇಕಾಯಿತು. ಮಂಗಳವಾರ ಪ್ರಭಾರಿ ಮುಖ್ಯ ಶಿಕ್ಷಕರು ಸಭೆಗೆ ಹೋದರು, ಅವರ 6 ಮತ್ತು 7ನೇ ತರಗತಿಯನ್ನೂ ನಾನೇ ನೋಡಿಕೊಂಡೆ. ನೋಡಿಕೊಂಡೆ ಎಂದರೆ ಗಲಾಟೆ ಆಗದಂತೆ ಕಾಯ್ದೆ, ಅಷ್ಟೇ. ಬುಧವಾರ ಎಸ್‌ಎಟಿಎಸ್ ಎಂಟ್ರಿ, ಅಂದರೆ ಮಕ್ಕಳ ವಿವರಗಳನ್ನು ಸರ್ಕಾರದ ಆನ್‌ಲೈನ್ ತಂತ್ರಾಂಶಕ್ಕೆ ತುಂಬುವ ಕೆಲಸ. ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ, ಹಾಗಾಗಿ ಮಕ್ಕಳನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ಕೂರಿಸಿದೆ. ಗುರುವಾರ ಪೂರ್ತಿ ದಿನ ಪಾಠ ಮಾಡಿದೆ. ಶುಕ್ರವಾರ ಆಧಾರ್ ಜೋಡಣೆ ಆಗದ ಮಕ್ಕಳ ತಂದೆ ತಾಯಂದಿರನ್ನು ಕರೆಸಿ ಕಾಗದ ಹೊಂದಿಸಿದೆ. ಶನಿವಾರ ಬೆಳಗಿನ ಶಾಲೆ, ಅರ್ಧ ಹೊತ್ತು ಕ್ಲಸ್ಟರ್ ಸಭೆ.

ಆ ವಾರ ಮಕ್ಕಳ ಜೊತೆ ಕೂತು ಕಲಿಸಿದ್ದನ್ನು ಕೂಡಿಸಿದರೆ ಹನ್ನೊಂದು ತಾಸು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಬ್ಬ ಶಿಕ್ಷಕರಿಗೆ ವಾರಕ್ಕೆ 45 ತಾಸು ಎನ್ನುತ್ತದೆ, ಪಾಠದ ತಯಾರಿಯ ಹೊತ್ತೂ ಅದರಲ್ಲೇ ಸೇರಿದೆ. ತಯಾರಿ ಎಂಬ ಪದವನ್ನು ಕಾನೂನು ಬರೆದವರು ನೆನಪಿಟ್ಟಿದ್ದಾರೆ. ಅದು ನಮ್ಮ ಶಾಲೆಯೊಳಗೆ ನಡೆದದ್ದನ್ನು ನಾನು ನೋಡಿಲ್ಲ.

ನಲಿ-ಕಲಿ ನಿಂತಿರುವುದೇ ಶಿಕ್ಷಕಿಯ ಹಾಜರಿಯ ಮೇಲೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕೈಯಿಂದ ಕಟ್ಟಿದ ಪದ್ಧತಿ ಅದು. ಪ್ರತಿ ಮಗುವೂ ಕಲಿಕೆಯ ಕಾರ್ಡುಗಳನ್ನು ಹಿಡಿದು ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತಬೇಕು, ಶಿಕ್ಷಕಿ ಗುಂಪಿನಿಂದ ಗುಂಪಿಗೆ ನೆಲದ ಮೇಲೆ ಕೂರುತ್ತ ಹೋಗಬೇಕು. ಆಕೆ ಅರ್ಧ ತಾಸು ಹೊರಗೆ ಹೋದರೆ ಕಾರ್ಡುಗಳು ಬರೀ ಕಾರ್ಡುಗಳಾಗುತ್ತವೆ. ನನ್ನ ತರಗತಿಯಲ್ಲಿ ಕಳೆದ ವರ್ಷ ಏಳು ಮಕ್ಕಳು ಒಂದೇ ಮೆಟ್ಟಿಲಿನಲ್ಲಿ ಮೂರು ತಿಂಗಳು ನಿಂತರು. ಅವರು ದಡ್ಡರಲ್ಲ. ಅವರ ಪಕ್ಕ ನಾನು ಕೂತಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಮತದಾರರ ಪಟ್ಟಿ ಪರಿಷ್ಕರಣೆಯನ್ನು ರಜಾ ದಿನಗಳಲ್ಲಿ, ಪಾಠವಿಲ್ಲದ ಹೊತ್ತಿನಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲೇ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ ಹೇಳಿದೆ. ಟಿಇಟಿ ತೀರ್ಪು ನಮಗೆ ಒಂದೇ ದಿನದಲ್ಲಿ ತಲುಪಿತು. 2007ರ ಆ ತೀರ್ಪು ಹದಿನೆಂಟು ವರ್ಷವಾದರೂ ನನ್ನ ಶಾಲೆಗೆ ತಲುಪಿಲ್ಲ.

2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಎರಡನ್ನೂ ಮಾಡಿದೆ. ಎರಡನೆಯದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಬೇಡವಿತ್ತು ಎನ್ನುವುದಿಲ್ಲ. ನನ್ನ ತರಗತಿಯ ಮಕ್ಕಳ ಮನೆಯ ಬಡತನ ಸರ್ಕಾರದ ಲೆಕ್ಕಕ್ಕೆ ಬರಬೇಕು ಎಂದು ನಾನೂ ಬಯಸುತ್ತೇನೆ, ಅದಕ್ಕೆಂದೇ ಬಿಸಿಲಲ್ಲಿ ಮನಸ್ಸಿಟ್ಟು ತಿರುಗಿದ್ದೇನೆ. ಆದರೆ ಶಾಲೆ ಮತ್ತೆ ತೆರೆದಾಗ ನಮ್ಮ ಭಾಗದಲ್ಲಿ ಹತ್ತಿ ಒಡೆದಿತ್ತು. ಐದನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು, "ಟೀಚರ್, ನಾಳಿಂದ ನಾ ಸಾಲಿಗೆ ಬರಂಗಿಲ್ರಿ, ಹತ್ತಿ ಬಿಡಿಸಾಕ ಹೊಂಟೀನಿ" ಎಂದಳು. ಬೆಳಿಗ್ಗೆ ಏಳಕ್ಕೆ ಕೂಲಿಯವರನ್ನು ಒಯ್ಯುವ ಟಂಟಂ ಆಟೊ ಬರುತ್ತದೆ, ಸಂಜೆ ಕತ್ತಲಾದ ಮೇಲೆ ಬಿಡುತ್ತದೆ. ಹತ್ತಿ ಮುಗಿದರೆ ಮೆಣಸಿನಕಾಯಿ. ರಜೆ ಮುಗಿದ ಕೂಡಲೇ ಶಾಲೆಗೆ ಎಳೆದುಕೊಂಡರೆ ಉಳಿಯುವ ಮಕ್ಕಳು, ಹತ್ತು ದಿನ ತಡವಾದರೆ ಹೊಲದ ಪಾಲಾಗುತ್ತಾರೆ. ಬೆಂಗಳೂರಿನಲ್ಲಿ ರಜೆಯ ಆದೇಶ ಬರೆಯುವವರಿಗೆ ನಮ್ಮ ಹತ್ತಿಯ ಕ್ಯಾಲೆಂಡರ್ ಗೊತ್ತಿರಬೇಕು.

ಅಡುಗೆ, ಹಾಲು, ಮೊಟ್ಟೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ನಮ್ಮ ಈ ಈಶಾನ್ಯ ಜಿಲ್ಲೆಗಳಿಂದ. ಆ ಊಟದಿಂದ ಶಾಲೆಗೆ ಬಂದ ಮಕ್ಕಳನ್ನು ನಾನು ಎಣಿಸಬಲ್ಲೆ. ಊಟ ಇರಲಿ, ಮೊಟ್ಟೆ ಇರಲಿ. ಅಂಗಡಿಯಿಂದ ಮೊಟ್ಟೆ ತರುವುದು, ಬೆಲೆ ಏರಿದಾಗ ಕೈಯಿಂದ ತುಂಬುವುದು, ತಿಂದವರ ಲೆಕ್ಕ ಏರಿಸುವುದು ಪಾಠ ಮಾಡುವವರ ಕೆಲಸ ಆಗದಿರಲಿ.

ಈಗ ಖಾಲಿ ಹುದ್ದೆಗಳ ಮಾತು. ನಮ್ಮ ಶಾಲೆಗೆ ಮಂಜೂರಾದ ಹುದ್ದೆಗಳು ಎಂಟು, ಇರುವವರು ಮೂವರು. ಗಣಿತ ವಿಜ್ಞಾನಕ್ಕೆ ಕಾಯಂ ಶಿಕ್ಷಕರಿಲ್ಲದೆ ಇದು ನಾಲ್ಕನೆಯ ವರ್ಷ. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಪ್ರಕಾರ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಬಂತು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಸಂತೋಷಪಟ್ಟೆವು. ಆ ನೇಮಕದಲ್ಲಿ ಪಕ್ಕದೂರಿಗೆ ಬಂದ ಯುವ ಶಿಕ್ಷಕ ತುಂಬ ಚೆನ್ನಾಗಿ ಕಲಿಸುತ್ತಾರೆ, ಅವರ ಮಕ್ಕಳು ದಿಕ್ಸೂಚಿ ಮಾಡಿ ತಂದು ನಮ್ಮ ಮಕ್ಕಳಿಗೆ ತೋರಿಸಿದರು. ಒಬ್ಬ ಒಳ್ಳೆಯ ವಿಜ್ಞಾನ ಶಿಕ್ಷಕ ಬಂದರೆ ಊರಿಗೆ ಏನಾಗುತ್ತದೆ ಎಂದು ಕಂಡಿದ್ದೇವೆ. ಅದಕ್ಕೇ ಇಲ್ಲದ್ದು ಹೆಚ್ಚು ನೋಯುತ್ತದೆ.

2002ರಲ್ಲಿ, ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ನಮ್ಮ ಜಿಲ್ಲೆಯ ದೇವದುರ್ಗವನ್ನು ಇಟ್ಟಿತು. 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು. 2018ರಲ್ಲಿ ನೀತಿ ಆಯೋಗ ರಾಯಚೂರನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ವಿಭಾಗದ ಜಿಲ್ಲೆಗಳ ಹೆಸರು ಪಟ್ಟಿಯ ತಳದಲ್ಲಿರುತ್ತದೆ. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಫಲಿತಾಂಶ ಬಂದ ದಿನ ನೋಟಿಸ್ ಬರುವುದು ಶಿಕ್ಷಕರಿಗೆ. ಹತ್ತನೇ ತರಗತಿಯಲ್ಲಿ ಫೇಲಾದ ಮಗು ಆರನೇ ತರಗತಿಯಲ್ಲಿ ಗಣಿತದ ಶಿಕ್ಷಕರನ್ನು ಕಂಡಿತ್ತೇ ಎಂದು ಆ ನೋಟಿಸ್ ಕೇಳುವುದಿಲ್ಲ. ದಯವಿಟ್ಟು ಫಲಿತಾಂಶದ ಪಟ್ಟಿಯ ಜೊತೆಗೇ ಪ್ರತಿ ಶಾಲೆಯ ಖಾಲಿ ಹುದ್ದೆಗಳ ಪಟ್ಟಿಯನ್ನೂ ಪ್ರಕಟಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ಜನ ಓದಲಿ.

ಖಾಲಿ ಜಾಗವನ್ನು ಈಗ ತುಂಬಿರುವವರು ಅತಿಥಿ ಶಿಕ್ಷಕರು. ನಮ್ಮ ಶಾಲೆಯಲ್ಲಿ ಇಬ್ಬರಿದ್ದಾರೆ. ಅವರಲ್ಲಿ ಒಬ್ಬಳು ಬಿ.ಎಸ್ಸಿ., ಬಿ.ಎಡ್. ಮಾಡಿ ಟಿಇಟಿಯ ಎರಡನೇ ಪತ್ರಿಕೆಯನ್ನೂ ಪಾಸಾದವಳು. ಅಂದರೆ ಸುಪ್ರೀಂ ಕೋರ್ಟ್ ನನ್ನಿಂದ ಕೇಳುತ್ತಿರುವ ಅರ್ಹತೆ ಆಕೆಗೆ ಈಗಾಗಲೇ ಇದೆ. ಆಕೆಯ ಗೌರವಧನ 10,000 ರೂಪಾಯಿ ಇತ್ತು, 2025-26ರ ಬಜೆಟ್ಟಿನಲ್ಲಿ 2,000 ಹೆಚ್ಚಾಯಿತು. ಹೆಚ್ಚಿಸಿದ್ದಕ್ಕೆ ಕೃತಜ್ಞತೆ ಇದೆ. ಆದರೆ ಆ ಹಣ ತಿಂಗಳು ತಿಂಗಳು ಬರುವುದಿಲ್ಲ, ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತದೆ. ಬೇಸಿಗೆ ರಜೆಗೆ ಸಂಬಳವೇ ಇಲ್ಲ. ಜೂನಿನಲ್ಲಿ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ. ಹೋದ ಬೇಸಿಗೆಯಲ್ಲಿ ಆಕೆ ತಾಯಿಯ ಜೊತೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿ ಕೆರೆಯ ಹೂಳು ಹೊತ್ತಳು. ಶಾಲೆ ತೆರೆದ ದಿನ ಅಂಗೈ ತೋರಿಸಿದಳು. ದುಡಿಮೆ ಅವಮಾನವಲ್ಲ, ನಮ್ಮೆಲ್ಲರ ಮನೆಯವರೂ ಮಣ್ಣಲ್ಲೇ ದುಡಿದವರು. ಆದರೆ ಮಕ್ಕಳಿಗೆ ವಿದ್ಯುತ್ ಮಂಡಲ ಕಲಿಸುವ ಕೈಯನ್ನು ಎರಡು ತಿಂಗಳು ಕೈಬಿಡುವ ವ್ಯವಸ್ಥೆ, ಅರ್ಹತೆ ಬಗ್ಗೆ ಮಾತಾಡುವಾಗ ನನಗೆ ಸಂಕಟವಾಗುತ್ತದೆ. ಅತಿಥಿ ಶಿಕ್ಷಕರ ನೇಮಕ ಮೇ ತಿಂಗಳಲ್ಲೇ ಮುಗಿಯಲಿ, ಗೌರವಧನ ಪ್ರತಿ ತಿಂಗಳು ಖಾತೆಗೆ ಬರಲಿ, ರಜೆಯ ತಿಂಗಳಿಗೂ ಬರಲಿ. ಟಿಇಟಿ ಪಾಸಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಲಿಸಿದವರಿಗೆ ಮುಂದಿನ ನೇಮಕಾತಿಯಲ್ಲಿ ಸೇವಾ ಅಂಕ ಕೊಡಿ.

ನಮ್ಮಂಥವರ ಇನ್ನೊಂದು ಗಾಯ 2017ರ ವೃಂದ ಮತ್ತು ನೇಮಕಾತಿ ನಿಯಮ. 1ರಿಂದ 7ನೇ ತರಗತಿಗೆ ಕಲಿಸಲೆಂದು ನೇಮಕವಾದ ನಾವು ಆ ನಿಯಮದ ನಂತರ 1ರಿಂದ 5ನೇ ತರಗತಿಯವರಾದೆವು. ಪದವಿ ಪಡೆದವರಿಗೂ ಅದೇ. ಇದರ ವಿರುದ್ಧ 2024ರ ಆಗಸ್ಟಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಶಿಕ್ಷಕರು ಸೇರಿದ್ದು ತಮಗೆ ಗೊತ್ತೇ ಇದೆ. ಕಾಗದದ ಮೇಲೆ ನಾನು ಐದನೇ ತರಗತಿಯವರೆಗಿನ ಶಿಕ್ಷಕಿ, ನಿಜದಲ್ಲಿ ಜನ ಇಲ್ಲದ್ದಕ್ಕೆ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಕೆಲಸ ಮಾಡುವಾಗ ಅರ್ಹಳು, ಬಡ್ತಿ ಕೇಳುವಾಗ ಅನರ್ಹಳು. ನಿಯಮಕ್ಕೆ ಮೊದಲು ನೇಮಕವಾದ ಪದವೀಧರರಿಗೆ ಇದನ್ನು ಸರಿಪಡಿಸಿ ಕೊಡಿ.

ತರಬೇತಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ನನ್ನ ಮನಸ್ಸಿಗೆ ಅದೇ ಹತ್ತಿರ.

ನಮಗೆ ತರಬೇತಿ ಕಡಿಮೆಯಿಲ್ಲ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ಹೇಳುತ್ತಾರೆ, ಅವರು ಜಿಲ್ಲೆಯಲ್ಲಿ ಹೇಳುತ್ತಾರೆ, ಜಿಲ್ಲೆಯವರು ತಾಲ್ಲೂಕಿನಲ್ಲಿ. ನಮ್ಮ ತನಕ ಬರುವ ಹೊತ್ತಿಗೆ ಮೊಸರು ನೀರುಮಜ್ಜಿಗೆ ಆಗಿರುತ್ತದೆ. ಹೇಳುವವರೂ ನಮ್ಮಂತೆಯೇ ಶಿಕ್ಷಕರು, ಅವರ ತರಗತಿಯೂ ಅವತ್ತು ಖಾಲಿ. ಮೊಬೈಲ್ ತರಬೇತಿಗಳು ಬಂದ ಮೇಲೆ ಇನ್ನೂ ಸುಲಭವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ತಾಸಿನ ವೃತ್ತಿಪರ ಕಲಿಕೆ ಇರಬೇಕು ಎಂದಿದೆ. ದೀಕ್ಷಾ ಆ್ಯಪಿನಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸಿನ ವಿಡಿಯೊ ಓಡುತ್ತಿರುತ್ತದೆ, ಪಕ್ಕದಲ್ಲಿ ಟೀಚರು ಹಾಲು ಹಂಚುತ್ತಿರುತ್ತಾಳೆ. ನಾನೂ ಹಾಗೆ ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ಪ್ರಮಾಣಪತ್ರಗಳು ನನ್ನ ಫೈಲಿನಲ್ಲಿವೆ. ಅವುಗಳಲ್ಲಿ ಎಷ್ಟು ನನ್ನ ತರಗತಿಗೆ ಬಂದವು ಎಂದು ಯಾರೂ ಕೇಳಿಲ್ಲ.

ನನಗೆ ನಿಜವಾಗಿ ಬೇಕಿದ್ದ ತರಬೇತಿಯನ್ನು ಒಬ್ಬ ಆರು ವರ್ಷದ ಹುಡುಗಿ ಕೊಟ್ಟಳು. ಆಗ ನಾನು ಒಂದು ತಾಂಡಾದ ಹತ್ತಿರದ ಶಾಲೆಯಲ್ಲಿದ್ದೆ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಲಂಬಾಣಿ ಮಕ್ಕಳು ಎಂಟು ಮಂದಿ. ತಾಯಿಯ ಚಿತ್ರ ತೋರಿಸಿ ಇದು ಯಾರು ಎಂದು ಕೇಳಿದೆ. ಆಕೆ ಮುಖ ಅರಳಿಸಿ "ಯಾಡಿ" ಎಂದಳು. ನಾನು "ಅಲ್ಲ, ಅಮ್ಮ ಅನ್ನು" ಎಂದೆ. ಆಕೆ ಸುಮ್ಮನಾದಳು. ಮರುದಿನದಿಂದ ಏನು ಕೇಳಿದರೂ ನೆಲ ನೋಡುತ್ತಿದ್ದಳು. ಆಕೆ ಮೂಕಿ ಎಂದೇ ಕೆಲವು ದಿನ ತಿಳಿದಿದ್ದೆ. ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ತಂಗಿಯ ಜೊತೆ ಕಿಲಕಿಲ ಮಾತಾಡುವುದನ್ನು ಕಂಡು ಕಾಲು ನಡುಗಿತು. ಮಗುವಿನ ಬಾಯಿ ಮುಚ್ಚಿಸಿದ್ದು ನಾನೇ. ಲಂಬಾಣಿಯಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ, ಅದು ಸರಿಯಾದ ಉತ್ತರವೇ ಆಗಿತ್ತು ಎಂದು ಆಮೇಲೆ ಅಡುಗೆಯವರಿಂದ ತಿಳಿಯಿತು. ಅವರಿಂದಲೇ ನೂರಿನ್ನೂರು ಪದ ಕಲಿತೆ. ನೀರಿಗೆ ಪಾಣಿ ಎಂದು ನಾನೇ ಮೊದಲು ಹೇಳಿದ ದಿನ ಆಕೆ ತಲೆಯೆತ್ತಿ ನನ್ನನ್ನು ನೋಡಿದಳು.

ನಮ್ಮ ಜಿಲ್ಲೆಯ ಎಷ್ಟೋ ತರಗತಿಗಳಲ್ಲಿ ಒಂದೇ ಸಾಲಿನಲ್ಲಿ ತೆಲುಗು ಮನೆಯ ಮಗು, ಉರ್ದು ಮನೆಯ ಮಗು, ಲಂಬಾಣಿ ಮನೆಯ ಮಗು ಕೂತಿರುತ್ತವೆ. ಕನ್ನಡದ ಮನೆಯ ಮಗುವೂ ಪುಸ್ತಕದ ಕನ್ನಡವನ್ನು ಹೊಸದಾಗಿ ಕಲಿಯಬೇಕು. ಇಪ್ಪತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಯಾವ ತರಬೇತಿಯಲ್ಲೂ ಈ ವಿಷಯಕ್ಕೆ ಒಂದು ಪೂರ್ತಿ ದಿನ ಇರಲಿಲ್ಲ. ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದಾಗ ನಮ್ಮ ಸಹೋದ್ಯೋಗಿಗಳಿಗೆ ಹದಿನೈದು ದಿನ ತರಬೇತಿ ಕೊಟ್ಟು ಕಳಿಸಿದರು. ಹದಿನೈದು ದಿನದಲ್ಲಿ ಒಂದು ಭಾಷೆ ಯಾರಿಗೂ ಬರುವುದಿಲ್ಲ. ಅವರ ಮೇಲೆ ಅನ್ಯಾಯವಾಯಿತು, ಮಕ್ಕಳ ಮೇಲೂ.

ಒಳ್ಳೆಯದನ್ನೂ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಾವು ಹನ್ನೆರಡು ಶಿಕ್ಷಕರು ಒಂದು ಭಾನುವಾರ ನಮ್ಮದೇ ಖರ್ಚಿನಲ್ಲಿ ಮಸ್ಕಿಗೆ ಹೋದೆವು. ಅಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನವಿದೆ. 1915ರಲ್ಲಿ ಅದು ಸಿಕ್ಕ ಮೇಲೆಯೇ ಶಾಸನಗಳ 'ದೇವಾನಂಪ್ರಿಯ' ಅಶೋಕನೇ ಎಂಬುದು ಗಟ್ಟಿಯಾಯಿತು. ಪಾಠದಲ್ಲಿ ಎರಡು ಸಾಲು ಓದಿಸುತ್ತಿದ್ದ ನಮಗೆ ಅವತ್ತು ಬಂಡೆಯ ಮುಂದೆ ನಿಂತಾಗ ಪಾಠ ಹೇಗೆ ಮಾಡಬೇಕು ಎಂದು ಹೊಳೆಯಿತು. ಅಲ್ಲೇ ಕೂತು ಮಾತಾಡಿದೆವು. ಒಬ್ಬರು ಕೊಪ್ಪಳದ ಗವಿಮಠದ ಶಾಸನದ ಅಕ್ಷರಗಳನ್ನು ಬರೆದುಕೊಂಡು ಬಂದಿದ್ದರು, ಎರಡನ್ನೂ ಹೋಲಿಸಿದೆವು. ಮನೆಗೆ ಬಂದಾಗ ರಾತ್ರಿ ಒಂಬತ್ತಾಗಿತ್ತು, ದಣಿವೇ ಇರಲಿಲ್ಲ. ಆ ವಾರ ಆರನೇ ತರಗತಿಯಲ್ಲಿ ನಾನು ಮಾಡಿದ ಪಾಠವನ್ನು ಒಬ್ಬ ಹುಡುಗ ಮುಂದೆ ಹೈಸ್ಕೂಲಿಗೆ ಹೋದ ಮೇಲೂ ನೆನೆಸಿಕೊಂಡ. ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿದೆ. ಮೂವರಲ್ಲಿ ಇಬ್ಬರು ಹೊರಟರೆ ಶಾಲೆ ನೋಡುವವರು ಯಾರು?

ಇದರಿಂದ ನನಗೆ ತೋಚಿದ ಬೇಡಿಕೆ ಒಂದಿದೆ, ಇದನ್ನು ತಾವು ಗಂಭೀರವಾಗಿ ನೋಡಬೇಕು. ಪ್ರತಿ ಕ್ಲಸ್ಟರಿಗೆ ಇಬ್ಬರು ಬದಲಿ ಶಿಕ್ಷಕರನ್ನು ಕೊಡಿ. ಒಬ್ಬರು ತರಬೇತಿಗೆ, ಹೆರಿಗೆ ರಜೆಗೆ, ಆಸ್ಪತ್ರೆಗೆ ಹೋದರೆ ಆ ತರಗತಿಗೆ ಅವರು ಹೋಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟಡಗಳಾಗಿವೆ, ಸ್ಮಾರ್ಟ್ ಬೋರ್ಡುಗಳು ಬಂದಿವೆ. ಬೋರ್ಡಿನ ಮುಂದೆ ನಿಲ್ಲುವ ಮನುಷ್ಯರಿಗೂ ಆ ಹಣದಲ್ಲಿ ಒಂದು ಪಾಲು ಇರಲಿ. ಕ್ಲಸ್ಟರಿಗೊಬ್ಬ ಡೇಟಾ ಎಂಟ್ರಿ ಸಹಾಯಕನನ್ನೂ ಕೊಟ್ಟರೆ ಬೇವಿನ ಮರದ ಕೆಳಗಿನ ಬುಧವಾರಗಳು ಮಕ್ಕಳಿಗೆ ಮರಳಿ ಸಿಗುತ್ತವೆ.

ಟಿಇಟಿ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಗಡುವು 2027ರ ಸೆಪ್ಟೆಂಬರಿಗೆ ಮುಗಿಯುತ್ತದೆ. ಸೇವೆಯಲ್ಲಿರುವವರಿಗಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಕೋರ್ಸ್ ನಡೆಸಿ. ನಮ್ಮ ರಾಯಚೂರಿನಲ್ಲಿ, ಕೊಪ್ಪಳದವರಿಗೆ ಮುನಿರಾಬಾದಿನಲ್ಲಿ, ಬಳ್ಳಾರಿಯಲ್ಲಿ ಜಾಗವಿದೆ, ಕಲಿಸಬಲ್ಲ ಉಪನ್ಯಾಸಕರಿದ್ದಾರೆ. ಬೇಸಿಗೆಯಲ್ಲಿ ಇಪ್ಪತ್ತು ದಿನ ಅಲ್ಲೇ ಉಳಿದು ಓದಲು ವ್ಯವಸ್ಥೆಯಾಗಲಿ, ಹೆಣ್ಣುಮಕ್ಕಳಿಗೆ ಸರಿಯಾದ ವಸತಿ ಇರಲಿ. ಆ ದಿನಗಳಿಗೆ ಗಳಿಕೆ ರಜೆ ಜಮಾ ಮಾಡಿ. ಗಣಿತ ಮತ್ತು ಇಂಗ್ಲಿಷಿಗೆ ಹೆಚ್ಚು ಹೊತ್ತು ಇಡಿ, ನಾವು ಎಡವುತ್ತಿರುವುದು ಅಲ್ಲಿ. ಆ ಬೇಸಿಗೆಯಲ್ಲಿ ನಮ್ಮನ್ನು ಯಾವ ಸಮೀಕ್ಷೆಗೂ ಕಳಿಸಬೇಡಿ. ಜನಗಣತಿ ಬರುತ್ತಿದೆ, ಅದನ್ನು ಮಾಡುವುದು ನಮ್ಮ ಕರ್ತವ್ಯ, ಮಾಡುತ್ತೇವೆ. ಅದರ ದಿನಗಳನ್ನೂ ಓದುವ ದಿನಗಳನ್ನೂ ಒಂದರ ಮೇಲೊಂದು ಹೇರಬೇಡಿ. ಪಾಸಾಗದವರ ಹೆಸರನ್ನು ಗುಂಪುಗಳಲ್ಲಿ ಹಾಕಿ ಅವಮಾನಿಸಬಾರದು ಎಂದು ಸುತ್ತೋಲೆ ಹೊರಡಿಸಿ. ಐವತ್ತು ದಾಟಿದ ಶಿಕ್ಷಕಿಯೊಬ್ಬರು ಮಗಳ ವಯಸ್ಸಿನವರ ಪಕ್ಕ ಕೂತು ಪರೀಕ್ಷೆ ಬರೆಯಲು ತಯಾರಾಗುತ್ತಿದ್ದಾರೆ, ಅವರಿಗೆ ಧೈರ್ಯ ಬೇಕು.

ಪ್ರೊ. ಸುಖದೇವ್ ಥೋರಟ್ ಅವರ ಆಯೋಗ 2025ರ ಆಗಸ್ಟಿನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಅದನ್ನು ಜಾರಿಗೊಳಿಸುವ ಮೊದಲು ಕಲಬುರಗಿ ವಿಭಾಗದ ಪ್ರತಿ ತಾಲ್ಲೂಕಿನಲ್ಲಿ ತರಗತಿಯಲ್ಲಿರುವ ಶಿಕ್ಷಕರನ್ನು ಕೂರಿಸಿ ಕೇಳಿ. ಸಂಘದ ಪದಾಧಿಕಾರಿಗಳು ಬರಲಿ, ಅವರ ಜೊತೆ ಅತಿಥಿ ಶಿಕ್ಷಕರೂ ತಾಂಡಾ ಶಾಲೆಯವರೂ ಬರಲಿ.

ಈ ಪತ್ರದಲ್ಲಿ ಹಣ ಬೇಡುವ ಬೇಡಿಕೆಗಳಿವೆ, ಅವಕ್ಕೆ ಕಾಲ ಹಿಡಿಯಬಹುದು. ಹಣ ಬೇಡದ ಒಂದನ್ನು ತಾವು ಈ ವಾರವೇ ಮಾಡಬಹುದು. ಶಾಲೆಯ ಹೊತ್ತಿನಲ್ಲಿ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ, ಯಾವ ಇಲಾಖೆಯ ಯಾವ ಅಧಿಕಾರಿಯೂ ಪಾಠದ ಕೋಣೆಯಿಂದ ಶಿಕ್ಷಕರನ್ನು ಹೊರಗೆ ಕರೆಯಬಾರದು, ತುರ್ತಿದ್ದರೆ ಕರೆದವರು ಲಿಖಿತವಾಗಿ ಕಾರಣ ಕೊಡಬೇಕು ಎಂಬ ಒಂದು ಪುಟದ ಆದೇಶ. ಅದರ ಪ್ರತಿಯನ್ನು ಪ್ರತಿ ಶಾಲೆಯ ಗೋಡೆಗೆ ಅಂಟಿಸಲು ಹೇಳಿ. ನಮ್ಮ ಶಾಲೆಯಲ್ಲಿ ಕಪ್ಪುಹಲಗೆಯ ಎಡಬದಿಗೆ ಜಾಗ ಖಾಲಿ ಇದೆ. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಅದು ಬಂದರೆ ನಾನೇ ಅಂಟಿಸುತ್ತೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಸಹಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ರಾಯಚೂರು ಜಿಲ್ಲೆ